ಹದಿನೇಳನೆಯ ಕಲಮಿಗೆ ಒಂದು ಹಲಗಿ

ಕೂತಲ್ಲಿ ಕೂರುವ ಗುಣ ನನಗೆ ಹುಟ್ಟಿನಿಂದಲೇ ಬಂದಿಲ್ಲ. ಊಟಕ್ಕೆ ಕೂತರೆ ಮೊಣಕಾಲು ಅಲ್ಲಾಡುತ್ತಿತ್ತು. ಪಾಠ ಮಾಡುವಾಗ ಬೋರ್ಡಿನಿಂದ ಬಾಗಿಲಿಗೂ ಬಾಗಿಲಿನಿಂದ ಕಿಟಕಿಗೂ ಓಡಾಡುತ್ತಿದ್ದೆ. ವಿಜಯಪುರಕ್ಕೆ ನಮ್ಮ ಬಾಯಲ್ಲಿ ಆಗ ವಿಜಾಪುರವೆಂದೇ ಹೆಸರು. ಅಲ್ಲಿನ ಒಂದು ಸಾಲೆಯಲ್ಲಿ ಮಾಸ್ತರಿಕೆ ಮಾಡಿಕೊಂಡು ಸ್ಟೇಷನ್ ರಸ್ತೆಯ ಹಿಂದಿನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ವಾರಕ್ಕೆ ಎರಡು ಸಲವಾದರೂ ಸೈಕಲ್ ಹತ್ತಿ, ತೊರವಿ ದಾಟಿ, ನನ್ನೂರು ತಿಕೋಟಾಕ್ಕೆ ಹೋಗುತ್ತಿದ್ದೆ. ಹೋಗಿ ಮಾಡುವುದೇನೂ ಇರುತ್ತಿರಲಿಲ್ಲ. ಅವ್ವ ರೊಟ್ಟಿ ಬಡಿಯುವಾಗ ಬಾಗಿಲಲ್ಲಿ ನಿಂತು ನಾಲ್ಕು ಮಾತಾಡಿ, ಪಡಸಾಲೆಯಲ್ಲಿ ಕೂತ ಅಪ್ಪನ ಮುಖ ನೋಡಿ ಸುಮ್ಮನಾಗಿ, ಮತ್ತೆ ಪೆಡಲು ತುಳಿಯುತ್ತಿದ್ದೆ.

ಇಂಥವನ ತಲೆಯಲ್ಲಿ ರಾಜ್ಯಘಟನೆಯ ನಾಟಕ ಹೊಕ್ಕಿದ್ದು ಒಂದು ಸಿಟ್ಟಿನಿಂದ. ಸಂವಿಧಾನ ಎನ್ನುವ ಮಾತು ನಮ್ಮ ಕಡೆ ಇನ್ನೂ ಅಷ್ಟು ಬಳಕೆಗೆ ಬಂದಿರಲಿಲ್ಲ, ರಾಜ್ಯಘಟನೆ ಎನ್ನುತ್ತಿದ್ದೆವು. ಅರವತ್ತರ ದಶಕದ ಮೊದಲ ವರ್ಷಗಳು. ಒಂದು ಜನವರಿ ಇಪ್ಪತ್ತಾರರಂದು ಬಾವುಟ ಹಾರಿಸಿ, ಮಕ್ಕಳ ಕೈಗೆ ಬುಂದೆ ಹಾಕಿ ಮುಗಿಸಿದ ಮೇಲೆ ಒಬ್ಬ ಹುಡುಗಿ, ಈ ದಿನ ಏನಾಗಿತ್ತು ಎಂದು ಕೇಳಿದಳು. ಪಕ್ಕದಲ್ಲಿದ್ದ ಹಿರಿಯ ಮಾಸ್ತರರು, ಸಾಲೆಗೆ ಸೂಟಿ ಆಗಿತ್ತು ಎಂದರು. ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು. ಉರಿಯುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಆ ಹುಡುಗಿಗೆ ನಾಲ್ಕು ವಾಕ್ಯಕ್ಕಿಂತ ಹೆಚ್ಚು ಹೇಳಲು ನನಗೂ ಗೊತ್ತಿರಲಿಲ್ಲ. ಮುಂದಿನ ಇಪ್ಪತ್ತಾರಕ್ಕೆ ಇದನ್ನು ನಾಟಕ ಮಾಡಿ ತೋರಿಸುತ್ತೇನೆ ಎಂದು ಅಲ್ಲೇ ಘೋಷಿಸಿಬಿಟ್ಟೆ. ಘೋಷಿಸುವುದರಲ್ಲಿ ನಾನು ಮೊದಲಿನಿಂದಲೂ ಮುಂದು.

ನಾಟಕ ಆಡುವವರು ತಿಕೋಟಾದಲ್ಲಿದ್ದರು. ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಂದು ನಾಟಕ ಕಟ್ಟುವ ಒಕ್ಕಲಿಗರ ಒಂದು ತಂಡ. ಅದರ ಯಜಮಾನನನ್ನು ಎಲ್ಲರೂ ಪೇಟಿ ಮಾಸ್ತರ ಎಂದೇ ಕರೆಯುತ್ತಿದ್ದರು. ಹಗಲೆಲ್ಲ ಹೊಲ, ಸಂಜೆ ಹಾರ್ಮೋನಿಯಂ ಪೇಟಿ. ನಾನು ಬರೆದದ್ದನ್ನು ಓದಿ ಹೇಳಿದಾಗ ಆತ ತಲೆ ಕೆರೆದುಕೊಂಡ. ದೊಡ್ಡ ದೊಡ್ಡ ಮಂದಿ ಮೂರು ವರ್ಷ ಕುರ್ಚಿ ಮೇಲೆ ಕೂತು ಮಾತಾಡಿದರೆ ಅದು ನಾಟಕ ಹೇಗಾಗುತ್ತದೆ, ಒಬ್ಬನಾದರೂ ಕತ್ತಿ ಹಿರಿಯಬೇಡವೇ ಎಂದು ಕೇಳಿದ. ಜಗಳ ಇದೆ, ಕತ್ತಿ ಇಲ್ಲ ಎಂದೆ. ಹಾಗಾದರೆ ಜಗಳವನ್ನು ಹಾಡಿನಲ್ಲಿ ಇಡೋಣ ಎಂದ. ಹೀಗಾಗಿ ನಮ್ಮ ನಾಟಕದಲ್ಲಿ ಮೂಲಭೂತ ಹಕ್ಕುಗಳ ಚರ್ಚೆ ಭೀಮಪಲಾಸ ರಾಗದಲ್ಲಿ ನಡೆಯುತ್ತಿತ್ತು.

ಕುರ್ಚಿಗಳು ಬಬಲೇಶ್ವರದಲ್ಲಿದ್ದವು. ನಗುವ ಮಾತಲ್ಲ, ಹದಿನಾರು ಒಂದೇ ತರದ ಕುರ್ಚಿಗಳು ಸುತ್ತಲಿನ ಹಳ್ಳಿಗಳಲ್ಲಿ ನನಗೆ ಕಂಡದ್ದು ಅಲ್ಲಿನ ಸಾಲೆಯಲ್ಲಿ ಮಾತ್ರ. ಅವುಗಳನ್ನು ಕೇಳಲು ಹೋದಾಗ ಊರ ಹಿರಿಯರು, ಕುರ್ಚಿ ಊರು ಬಿಟ್ಟು ಹೋಗುವುದಿಲ್ಲ, ಬೇಕಾದರೆ ನಾಟಕವೇ ಇಲ್ಲಿಗೆ ಬರಲಿ ಎಂದರು. ಸಾಲೆಯ ಅಂಗಳ ಕೊಡುತ್ತೇವೆ, ಆರು ಚಕ್ಕಡಿ ಜೋಡಿಸಿ ಆಡಲು ಅಟ್ಟ ಕಟ್ಟುತ್ತೇವೆ, ಬಂದವರಿಗೆಲ್ಲ ರೊಟ್ಟಿ ಪಲ್ಯ ನಮ್ಮದು ಎಂದರು. ಒಪ್ಪಿಕೊಂಡೆ. ಮೂರು ಊರು ಕೂಡಿ ಮಾಡುವ ಕೆಲಸ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಮೂರನೆಯ ಊರು ವಿಜಾಪುರ. ಅಲ್ಲಿಂದ ಬಂದದ್ದು ಒಬ್ಬ ಮನುಷ್ಯ ಮತ್ತು ಒಂದು ಕೋಟು. ಸ್ಟೇಷನ್ನಿನ ಗೂಡ್ಸ್ ಶೆಡ್ಡಿನ ನೆರಳಲ್ಲಿ, ಹಳಿಯ ಮೇಲಿನ ಕೆಲಸ ಮುಗಿಸಿದ ಒಬ್ಬ ಗ್ಯಾಂಗ್‌ಮನ್ ದಿನಾ ಒಂದು ದಪ್ಪ ಮರಾಠಿ ಪುಸ್ತಕ ಓದುತ್ತ ಕೂತಿರುತ್ತಿದ್ದ. ನನಗಿಂತ ಐದಾರು ವರ್ಷ ದೊಡ್ಡವನು. ಏನು ಓದುತ್ತೀರಿ ಎಂದು ಒಂದು ದಿನ ಕೇಳಿದೆ. ಘಟನೆ, ಎಂದ. ನನ್ನ ನಾಟಕದ ಹಸ್ತಪ್ರತಿ ಆತನ ಕೈಗೆ ಹೋಯಿತು, ಹದಿನೈದು ದಿನಕ್ಕೆ ಪೆನ್ಸಿಲ್ ಗುರುತುಗಳಿಂದ ತುಂಬಿ ಬಂತು. ಯಾವ ಕಲಂ ಯಾವುದರ ಮುಂದೆ, ಯಾರು ಏನನ್ನು ವಿರೋಧಿಸಿದರು, ನಾನು ಎಲ್ಲಿ ಕೇಳಿದ ಮಾತನ್ನು ಹಾಗೇ ಬರೆದಿದ್ದೇನೆ ಎಲ್ಲವೂ ಅದರಲ್ಲಿತ್ತು. ನಾನು ನಾಚಿದೆ, ಖುಷಿಯೂ ಪಟ್ಟೆ. ಕರಡು ಸಮಿತಿಯ ಅಧ್ಯಕ್ಷರ ಪಾತ್ರವನ್ನು ನೀವೇ ಮಾಡಬೇಕು ಎಂದು ಕೈ ಹಿಡಿದುಕೊಂಡೆ. ಸ್ಟೇಷನ್ ರಸ್ತೆಯ ಒಬ್ಬ ದರ್ಜಿ, ನನ್ನದೂ ಒಂದು ಪಾಲಿರಲಿ ಎಂದು ಆತನ ಅಳತೆಗೆ ನೀಲಿ ಕೋಟು ಹೊಲಿದುಕೊಟ್ಟ.

ಆತ ತಕ್ಷಣ ಒಪ್ಪಲಿಲ್ಲ. ನಾಟಕ ಎಲ್ಲಿ ಎಂದು ಕೇಳಿದ. ಬಬಲೇಶ್ವರದ ಸಾಲೆಯ ಅಂಗಳ ಎಂದಾಗ ಪುಸ್ತಕ ಮುಚ್ಚಿಟ್ಟು ಒಪ್ಪಿಕೊಂಡ. ಕಾರಣ ಆಮೇಲೆ ತಿಳಿಯಿತು. ಬಬಲೇಶ್ವರ ಆತನ ಹುಟ್ಟೂರು. ತಂದೆ ಇಲ್ಲದ ಆತನನ್ನು ಸಾಕಿದ ಕಾಕಾ, ತಂದೆಯ ತಮ್ಮ, ಇನ್ನೂ ಅಲ್ಲೇ ಇದ್ದ. ಆ ಕಾಕಾ ಚಿಕ್ಕವನಿದ್ದಾಗ ಸಾಲೆಯ ಗೋಡೆಯ ಹೊರಗೆ ನಿಂತು ಒಳಗಿನ ಮಗ್ಗಿ ಕೇಳಿ ಬಾಯಿಪಾಠ ಮಾಡಿದವನು, ಒಳಗೆ ಕಾಲಿಟ್ಟವನಲ್ಲ. ಆ ಅಂಗಳದಲ್ಲೇ ಕಾಕಾನನ್ನು ಕೂರಿಸಿ, ಅಸ್ಪೃಶ್ಯತೆಯನ್ನು ರದ್ದು ಮಾಡುವ ಹದಿನೇಳನೆಯ ಕಲಮನ್ನು ದೊಡ್ಡ ದನಿಯಲ್ಲಿ ಓದಬೇಕು. ಅದೊಂದಕ್ಕೇ ಆತ ನಾಟಕಕ್ಕೆ ಬಂದದ್ದು.

ತಾಲೀಮು ಪ್ರತಿ ರವಿವಾರ ನಮ್ಮ ಸಾಲೆಯಲ್ಲಿ ನಡೆಯುತ್ತಿತ್ತು. ತಿಕೋಟಾದವರು ಬಸ್ಸಿಗೆ ಬರುತ್ತಿದ್ದರು. ಮೊದಲ ದಿನ ಆ ಒಕ್ಕಲಿಗರು ಗೋಡೆಗೆ ಒತ್ತಿ ಕೂತರು, ಗ್ಯಾಂಗ್‌ಮನ್ ಎದುರಿನ ಗೋಡೆಗೆ. ನಡುವೆ ಒಂದು ಕೋಣೆಯಷ್ಟು ಜಾಗ. ಮೂರನೆಯ ರವಿವಾರಕ್ಕೆ ಆತ ಅವರ ತಪ್ಪು ತಿದ್ದುತ್ತಿದ್ದ, ಅವರು ಆತನಿಗೆ ಶ್ರುತಿ ಹಿಡಿಯಲು ಕಲಿಸುತ್ತಿದ್ದರು. ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ, ಅಷ್ಟು ಉಮೇದು. ಜಗತ್ತು ಬದಲಾಯಿತು, ಬದಲಾಯಿಸಿದ್ದು ನಾನು ಅಂದುಕೊಂಡೆ.

ಆ ಉಮೇದಿನಲ್ಲೇ ಕೊನೆಯ ದೃಶ್ಯ ಬರೆದೆ. ದಿಲ್ಲಿಯಲ್ಲಿ ಅಧ್ಯಕ್ಷರು ಹದಿನೇಳನೆಯ ಕಲಂ ಓದುತ್ತಾರೆ. ಓದಿದ ಮರುಗಳಿಗೆ ಒಂದು ಹಳ್ಳಿಯಲ್ಲಿ ಹಲಗಿ ಬಾರಿಸಿ ಡಂಗುರ ಸಾರುತ್ತಾರೆ. ಕಾಗದದ ಮಾತು ಹಲಗಿಯ ಸದ್ದಾಗಿ ಊರು ಹೊಗಬೇಕು. ಬರೆದು ಮುಗಿಸಿ ನನ್ನ ಕಣ್ಣಲ್ಲೇ ನೀರು ಬಂದಿತ್ತು. ಹಲಗಿ ಬಾರಿಸುವವರು ಯಾರು ಎಂದು ವಿಚಾರಿಸಿದರೆ ಬಬಲೇಶ್ವರದಲ್ಲಿ ಎಲ್ಲರೂ ಒಬ್ಬನನ್ನೇ ಹೇಳಿದರು. ಆ ಕೈ ಸುತ್ತ ಹತ್ತು ಊರಲ್ಲಿಲ್ಲ ಎಂದರು. ಅದು ನಮ್ಮ ಗ್ಯಾಂಗ್‌ಮನ್ನನ ಕಾಕಾ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಣ್ಣನ ಮಗ ಕಲಂ ಓದುವುದು, ಕಾಕಾ ಹಲಗಿ ಬಾರಿಸುವುದು, ಅದೂ ಅಟ್ಟದ ಮೇಲೆ ಎಲ್ಲರ ಎದುರಿಗೆ. ಇದಕ್ಕಿಂತ ದೊಡ್ಡ ಗೌರವ ಏನಿದೆ ಅನ್ನಿಸಿತು. ಒಂದು ಗಳಿಗೆಯೂ ತಡಮಾಡದೆ, ನಮ್ಮ ಮನೆಯ ಆಳಿನ ಕೈಯಲ್ಲಿ ಐದು ಎಲೆ, ಎರಡು ಅಡಿಕೆ, ಒಂದು ತೆಂಗಿನಕಾಯಿ ಇಟ್ಟು ಆ ಕಾಕಾನ ಮನೆಗೆ ವೀಳ್ಯ ಕಳಿಸಿದೆ. ನಮ್ಮ ಮನೆಯಲ್ಲಿ ಹಲಗಿ ಬೇಕಾದಾಗ ಹಾಗೇ ಕಳಿಸುತ್ತಿದ್ದರು, ನಾನು ಬೇರೆ ರೀತಿ ನೋಡಿರಲಿಲ್ಲ.

ನಾಟಕಕ್ಕೆ ಇನ್ನೂ ಹತ್ತು ದಿನ ಇತ್ತು. ಸಂಜೆ ಗ್ಯಾಂಗ್‌ಮನ್ ನನ್ನ ಕೋಣೆಗೆ ಬಂದ. ಕರವಸ್ತ್ರದ ಗಂಟು ಬಿಚ್ಚಿ ಆ ವೀಳ್ಯವನ್ನು ನನ್ನ ಮೇಜಿನ ಮೇಲೆ ಇಟ್ಟ. ಎಲೆ ಬಾಡಿದ್ದವು, ಕಾಯಿ ಹಾಗೇ ಇತ್ತು. ಕೂತುಕೊಳ್ಳಿ ಎಂದರೆ ಕೂರಲಿಲ್ಲ.

“ಮಾಸ್ತರ, ಹೆಣದ ಮುಂದ ಬಾರಸಾಕ ಕರಿಯೂ ಮುಂದೂ ಹಿಂಗ ಕಳಸ್ತಿದ್ರು. ನಾವು ಬೌದ್ಧರಾದ ದಿನಾನ ನಮ್ಮ ಕಾಕಾ ಹಲಗಿ ಬಿಟ್ಟಾನ. ಅದಕ್ಕ ಎರಡ ವರ್ಷ ಊರಾಗ ಯಾರೂ ಅವನ್ನ ಕೂಲಿಗೆ ಕರೀಲಿಲ್ಲ. ಈಗ ಕಲಂ ನಾ ಓದಬೇಕು, ಅದರ ಬೆನ್ನಿಗೆ ನಮ್ಮ ಕಾಕಾ ಹಲಗಿ ಬಾರಸಬೇಕು. ಹಂಗಾದ್ರ ನಾ ಓದೂದು ಯಾರಿಗೆ?”

ನನಗೆ ತಪ್ಪು ತಿಳಿಯುವ ಮೊದಲು ಸಿಟ್ಟು ಬಂತು, ಅದು ನನ್ನ ಸ್ವಭಾವ. ಇದು ನಾಟಕ, ನಾಟಕವನ್ನು ನಾಟಕ ಎಂದು ನೋಡಬೇಕು, ನಾನು ಗೌರವ ಮಾಡಲು ಹೋದವನು ಎಂದು ಏನೇನೋ ಹೇಳಿದೆ. ಆತ ಎಲ್ಲವನ್ನೂ ಕೇಳಿಸಿಕೊಂಡು, ನಾಟಕಕ್ಕೆ ತಾನು ಬರುವುದಿಲ್ಲ ಎಂದ. ತನ್ನ ನೆಪದಲ್ಲೇ ಹಲಗಿ ಕೇರಿಗೆ ವಾಪಸು ಬಂತೆಂದು ಅಲ್ಲಿನವರು ಆಡಿಕೊಳ್ಳುತ್ತಿದ್ದಾರೆ ಎಂದೂ ಹೇಳಿ ಹೋದ. ಆತ ಹೋದ ಮೇಲೆ ಆ ಬಾಡಿದ ಎಲೆ ನೋಡುತ್ತ ಕೂತಾಗ ನನಗೆ ಅರ್ಥವಾಯಿತು. ನನ್ನ ನಾಟಕದ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಯಾವುದು ಹೋಯಿತೆಂದು ಹಾಡಿದ್ದೆವೋ ಅದನ್ನೇ ತೆಂಗಿನಕಾಯಿ ಸಮೇತ ಕಳಿಸಿದ್ದೆ. ಕಾಕಾ ಹಲಗಿ ಬಿಟ್ಟದ್ದನ್ನು ಬಬಲೇಶ್ವರದಲ್ಲಿ ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮರುದಿನ ತಿಕೋಟಾಕ್ಕೆ ಓಡಿದೆ. ಪೇಟಿ ಮಾಸ್ತರ, ಹಲಗಿ ಬಿಟ್ಟುಬಿಡಿ, ಸಾಲೆಯ ಗಂಟೆ ಹೊಡೆದರಾಯಿತು ಎಂದ. ನನಗೆ ಒಪ್ಪಿಗೆಯಾಗಲಿಲ್ಲ. ದೃಶ್ಯ ಸಾಯುತ್ತದೆ ಎಂದೆ. ಆತ ಪೇಟಿಯ ಮೇಲಿನ ಧೂಳು ಒರೆಸುತ್ತ, ಮನುಷ್ಯ ಬೇಕೋ ದೃಶ್ಯ ಬೇಕೋ ನೋಡಿಕೊಳ್ಳಿ ಎಂದ. ನನಗೆ ಎರಡೂ ಬೇಕಿತ್ತು. ಅಲ್ಲಿಂದ ಅಡ್ಡದಾರಿ ಹಿಡಿದು ಬಬಲೇಶ್ವರಕ್ಕೆ ಸೈಕಲ್ ಹೊಡೆದೆ. ನಡುವೆ ಮುಳ್ಳು ಚುಚ್ಚಿ ಗಾಲಿ ಇಳಿಯಿತು. ಉಳಿದ ದಾರಿ ತಳ್ಳಿಕೊಂಡು, ನನ್ನನ್ನೇ ಬೈದುಕೊಂಡು ನಡೆದೆ.

ಕಾಕಾ ಮನೆಯ ಮುಂದೆ ಹಗ್ಗ ಹೊಸೆಯುತ್ತಿದ್ದ. ತೆಳ್ಳಗಿನ, ನೆಟ್ಟನೆಯ ಮುದುಕ. ನಾನು ನಿಂತೇ ತಪ್ಪಾಯಿತು ಎಂದೆ. ಆತ ಹೆಂಡತಿಯ ಕಡೆ ಕೈ ಮಾಡಿದ. ಆಕೆ ಜೋಳದ ಹಿಟ್ಟು ಸಾಣಿಸುತ್ತಿದ್ದಳು. ಆ ಸಾಣಿಗೆಯ ಸುತ್ತಿನ ಕಟ್ಟಿಗೆ ತನ್ನ ಹಲಗಿಯದು ಎಂದ. ಚರ್ಮ ಕಿತ್ತು ಬಲೆ ಹಾಕಿಸಿದ್ದ. ಹಿಟ್ಟು ಚಲೋ ಬೀಳುತ್ತದೆ ಎಂದು ಆಕೆಯೂ ಹೇಳಿದಳು. ನಾನು ದೃಶ್ಯದ ಮಾತೆತ್ತುವ ಧೈರ್ಯ ಮಾಡಲಿಲ್ಲ. ಆತನೇ ಎತ್ತಿದ. ಪೂರ್ತಿ ಕೇಳಿಸಿಕೊಂಡು, ಹಗ್ಗ ಕೆಳಗಿಟ್ಟು ಹೇಳಿದ:

“ಹಲಗಿ ಇರಲಿ ಮಾಸ್ತರ. ಕಲಸೂದು ನಾನು, ಬಾರಸೂದು ನೀವು. ಆಗೂದಿದ್ರ ಹೇಳ್ರಿ, ನಮ್ಮ ಹುಡುಗಗ ನಾ ಬಾ ಅಂತೇನಿ.”

ಆಗುತ್ತದೆ ಎಂದೆ. ಯೋಚನೆಯನ್ನೇ ಮಾಡಲಿಲ್ಲ.

ತಿಕೋಟಾದಲ್ಲಿ ಹಲಗಿ ಇನ್ನೂ ಬಿಡದ ಒಂದು ಮನೆಯಿಂದ ಒಂದನ್ನು ಕೇಳಿ ತಂದೆ. ತರುವಾಗ ಗೋಣಿಚೀಲದಲ್ಲಿ ಸುತ್ತಿಕೊಂಡಿದ್ದೆ. ಬಿಸಿಲಿಗೆ ಚರ್ಮ ಬಿರಿದೀತು ಎಂದು ನನಗೆ ನಾನೇ ಹೇಳಿಕೊಂಡೆ.

ನಾಲ್ಕು ಮಧ್ಯಾಹ್ನ ಕಲಿತೆ. ಕಾಕಾನ ಹಿತ್ತಿಲಲ್ಲಿ ಜೋಳದ ಕಣಿಕೆ ಉರಿಸಿ ಚರ್ಮ ಕಾಯಿಸಬೇಕು, ಎಡಗೈಯಲ್ಲಿ ಸಣ್ಣ ಕಡ್ಡಿ, ಬಲಗೈಯಲ್ಲಿ ದಪ್ಪನೆಯದು. ಆತ ಹಲಗಿಯನ್ನು ಒಂದು ಸಲವೂ ಮುಟ್ಟಲಿಲ್ಲ. ಎಲ್ಲ ಪೆಟ್ಟನ್ನೂ ಬಾಯಲ್ಲಿ ಹೇಳಿ, ತನ್ನ ಮೊಣಕಾಲಿನ ಮೇಲೆ ಅಂಗೈಯಿಂದ ತೋರಿಸುತ್ತಿದ್ದ. ಸಾಲೆಯಲ್ಲಿ ನಾನು ಮಕ್ಕಳಿಗೆ ತೋರಿಸದ ತಾಳ್ಮೆಯನ್ನು ಆತ ನನಗೆ ತೋರಿಸಿದ. ಎರಡನೆಯ ದಿನ ನನ್ನ ಅಲ್ಲಾಡುವ ಮೊಣಕಾಲನ್ನು ಬಹಳ ಹೊತ್ತು ನೋಡಿ, ಅದನ್ನು ಕಾಲಿನಿಂದ ಕೈಗೆ ತನ್ನಿ, ಎಲ್ಲ ಅಲ್ಲೇ ಇದೆ ಎಂದ. ಹುಟ್ಟಿದಾಗಿನಿಂದ ಎಲ್ಲರೂ ಬೈದ ಆ ಕಾಲಿಗೆ ಒಬ್ಬ ಮನುಷ್ಯ ಒಂದು ಉಪಯೋಗ ಕಂಡುಹಿಡಿದಿದ್ದ. ನಾಲ್ಕನೆಯ ದಿನ ಕೈ ಕೂಡಿತು. ಡಂಗುರದ ಪೆಟ್ಟು ಸರಿಯಾಗಿ ಬಿದ್ದಾಗ ಆ ಓಣಿಯ ಮಕ್ಕಳು ಓಡಿ ಬಂದರು. ಅವರಲ್ಲಿ ಸಣ್ಣವರು ಆ ಸದ್ದನ್ನು ತಮ್ಮ ಓಣಿಯಲ್ಲಿ ಕೇಳಿದವರೇ ಅಲ್ಲ. ನಾನು ಆ ಹೊತ್ತು ಎಷ್ಟು ಸುಖಿಯಾಗಿದ್ದೆ ಎಂದು ಹೇಳಲಾರೆ. ಗ್ಯಾಂಗ್‌ಮನ್ ತಾಲೀಮಿಗೆ ತಿರುಗಿ ಬಂದ. ಮಾಸ್ತರ ಹಲಗಿ ಬಾರಿಸುತ್ತಾನೆ ಎಂಬುದನ್ನು ಆ ಓಣಿಯವರು, ಗ್ಯಾಂಗ್‌ಮನ್ ಮತ್ತು ಪೇಟಿ ಮಾಸ್ತರ ಬಿಟ್ಟರೆ ಹೊರಗೆ ಯಾರಿಗೂ ಹೇಳಲಿಲ್ಲ. ನೋಡುವವರು ಬೆರಗಾಗಲಿ ಎಂದು ಹಾಗೆ ಮಾಡಿದೆ ಎಂದು ಅವರಿಗೆ ತಿಳಿಸಿದ್ದೆ.

ನಾಟಕದ ದಿನ ಬಂತು. ಬಾವುಟ ಹಾರಿಸಿದ ಮೇಲೆ, ಹಾಡುಹಗಲಿನಲ್ಲೇ ನಾಟಕ. ಹಗಲು ಬಣ್ಣ ಹಚ್ಚಿದರೆ ಮುಖ ಕಾಣುತ್ತದೆ ಎಂದು ತಿಕೋಟಾದವರು ಗೊಣಗಿದರೂ ಗ್ಯಾಂಗ್‌ಮನ್ನನಿಗೆ ಸಂಜೆಯ ಡ್ಯೂಟಿ ಇತ್ತು. ಅಂಗಳ ತುಂಬಿತ್ತು. ಬೇವಿನ ಗಿಡದ ಕೆಳಗೆ, ಮೂರನೆಯ ಸಾಲಿನಲ್ಲಿ, ಕಾಕಾ ಒಗೆದ ಬಿಳಿ ಅಂಗಿ ಹಾಕಿಕೊಂಡು ಕೂತಿದ್ದ. ಅವನನ್ನು ಕೈಹಿಡಿದು ಗೇಟಿನಿಂದ ಒಳಗೆ ಕರೆತಂದವನು ಅಣ್ಣನ ಮಗ, ನೀಲಿ ಕೋಟಿನಲ್ಲಿ. ಮೊದಲ ಸಾಲಿನಲ್ಲಿ ಕಂಬಳಿ ಹಾಸಿ ತಿಕೋಟಾದ ಹಿರಿಯರು ಕೂತಿದ್ದರು. ಅವರ ನಡುವೆ ನನ್ನ ಅಪ್ಪ. ನನ್ನ ಒಂದೂ ಕೆಲಸ ನೋಡಲು ಎಂದೂ ಬಾರದ ಮನುಷ್ಯ ಚಕ್ಕಡಿ ಕಟ್ಟಿಸಿಕೊಂಡು ಬಂದಿದ್ದ.

ನಾಟಕ ಚೆನ್ನಾಗಿ ನಡೆಯಿತು. ಭೀಮಪಲಾಸದ ಜಗಳಕ್ಕೆ ಜನ ಇನ್ನೊಮ್ಮೆ ಎಂದು ಕೂಗಿದರು. ನಾನು ಪಕ್ಕದ ಪರದೆಯ ಹಿಂದೆ ಚರ್ಮ ಕಾಯಿಸಿ, ಹಲಗಿಯ ಹಗ್ಗ ಕೊರಳಿಗೆ ಹಾಕಿಕೊಂಡು, ಎರಡೂ ಕಡ್ಡಿ ಹಿಡಿದು ನಿಂತಿದ್ದೆ. ಗ್ಯಾಂಗ್‌ಮನ್ ಕುರ್ಚಿಯಿಂದ ಎದ್ದ. ಸಭೆಯ ಕಡೆ ತಿರುಗಬೇಕಾದವನು ಬೇವಿನ ಗಿಡದ ಕಡೆ ತಿರುಗಿ ಓದಿದ. ಅಸ್ಪೃಶ್ಯತೆಯನ್ನು ರದ್ದು ಮಾಡಲಾಗಿದೆ, ಯಾವ ರೂಪದಲ್ಲೂ ಅದನ್ನು ಆಚರಿಸುವುದನ್ನು ನಿಷೇಧಿಸಲಾಗಿದೆ. ಇನ್ನು ನಾನು ಹೋಗಬೇಕು.

ಪರದೆಯ ಸಂದಿಯಿಂದ ಅಪ್ಪನ ಮುಖ ಕಂಡಿತು. ಕೋಪವೇನೂ ಇರಲಿಲ್ಲ ಅದರಲ್ಲಿ. ಕೈಯನ್ನು ಕಿವಿಯ ಹಿಂದೆ ಹಿಡಿದು ಕೇಳುತ್ತಿದ್ದ, ಅಷ್ಟೇ. ಆ ಮುಖದ ಮುಂದೆ, ತಿಕೋಟಾದ ಹಿರಿಯರ ಮುಂದೆ, ಕೊರಳಲ್ಲಿ ಹಲಗಿ ಹಾಕಿಕೊಂಡು ನಾನು ಹೋಗಬೇಕಿತ್ತು. ನನ್ನ ಕಾಲು ಅಲ್ಲಾಡಲಿಲ್ಲ. ಹುಟ್ಟಿದಾಗಿನಿಂದ ಒಂದು ಗಳಿಗೆ ಸುಮ್ಮನಿರದ ಕಾಲು ನೆಲಕ್ಕೆ ಅಂಟಿಕೊಂಡಿತ್ತು.

ಗ್ಯಾಂಗ್‌ಮನ್ ಪರದೆಯ ಕಡೆ ನೋಡಿದ. ಕಲಮನ್ನು ಎರಡನೆಯ ಸಲ ಓದಿದ. ಜನ ಅದೂ ನಾಟಕವೆಂದೇ ತಿಳಿದರು. ಬೇವಿನ ಗಿಡದ ಕೆಳಗೆ ಕಾಕಾ ತನ್ನ ಮೊಣಕಾಲಿನ ಮೇಲೆ ಅಂಗೈ ಇಟ್ಟು, ಮೊದಲ ಪೆಟ್ಟನ್ನು ತಾನೇ ಹಾಕಿ ನನಗಾಗಿ ಕಾಯುತ್ತಿದ್ದ. ಅದು ನನಗೆ ಕಂಡಿತು. ಗ್ಯಾಂಗ್‌ಮನ್ ಮೂರನೆಯ ಸಲ ಓದಿದ. ನಾನು ಹಗ್ಗವನ್ನು ಕೊರಳಿನಿಂದ ತೆಗೆದು ಹಲಗಿಯನ್ನು ಗೋಣಿಚೀಲದ ಮೇಲೆ ಇಟ್ಟೆ. ಪೇಟಿ ಮಾಸ್ತರ ನನ್ನನ್ನು ಒಮ್ಮೆ ನೋಡಿ ಕೊನೆಯ ಹಾಡಿನ ಸ್ವರ ಹಿಡಿದ. ಪರದೆ ಬಿತ್ತು. ಜೋರು ಚಪ್ಪಾಳೆ.

ಅಪ್ಪ ನನ್ನನ್ನು ಹುಡುಕಿಕೊಂಡು ಅಟ್ಟದ ಹಿಂದಕ್ಕೆ ಬಂದ. ಹಲಗಿಯ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಹೆಗಲ ಮೇಲೆ ಕೈ ಇಟ್ಟು, ಚಲೋ ಮಾಡಿದೆ ತಮ್ಮಾ ಎಂದ. ಜೀವಮಾನದಲ್ಲಿ ಅವನ ಬಾಯಿಂದ ನಾನು ಕೇಳಿದ ಮೊದಲ ಹೊಗಳಿಕೆ ಅದು. ನನಗೆ ಅಳು ಬಂತು. ಸಂತೋಷಕ್ಕೆ ಎಂದು ಅವನು ತಿಳಿದುಕೊಂಡ.

ಅವನ ಹಿಂದೆ ಸ್ವಲ್ಪ ದೂರದಲ್ಲಿ ಕಾಕಾ ನಿಂತಿದ್ದ. ಅಪ್ಪ ಆಚೆ ಹೋಗುವವರೆಗೆ ಕಾದು ಹತ್ತಿರ ಬಂದ. ಗೋಣಿಚೀಲದ ಮೇಲಿದ್ದ ಹಲಗಿಯನ್ನು ನೋಡಿದ, ನನ್ನನ್ನು ನೋಡಿದ. ಬೈದರೆ ಕಾಲು ಹಿಡಿಯಬಹುದಿತ್ತು. ಆತ ಬೈಯಲಿಲ್ಲ.

“ಕೈ ಕೂಡಿತ್ತಲ್ರಿ ಮಾಸ್ತರ ನಿಮಗ,” ಎಂದ.

ಗ್ಯಾಂಗ್‌ಮನ್ ಕೋಟನ್ನು ಬಿಚ್ಚಿ ಮಡಿಚಿ ಕುರ್ಚಿಯ ಮೇಲಿಟ್ಟು ಕಾಕಾನ ಕೈ ಹಿಡಿದುಕೊಂಡು ಗೇಟಿನ ಕಡೆ ನಡೆದ. ಊಟಕ್ಕೆ ನಿಲ್ಲಲಿಲ್ಲ. ನಾನು ಹಿಂದೆ ಓಡಲಿಲ್ಲ. ಎಲ್ಲದಕ್ಕೂ ಓಡುತ್ತಿದ್ದ ನಾನು ಆ ದಿನ ಅಲ್ಲೇ ನಿಂತೆ.

ಎರಡು ತಿಂಗಳ ಮೇಲೆ ವಿಜಾಪುರದವರು ನಾಟಕವನ್ನು ತಮ್ಮಲ್ಲಿ ಇನ್ನೊಮ್ಮೆ ಆಡಿಸಿದರು. ಗ್ಯಾಂಗ್‌ಮನ್ನನನ್ನು ಕರೆಯಲು ಗೂಡ್ಸ್ ಶೆಡ್ಡಿಗೆ ನಾಲ್ಕು ಸಲ ಹೋದೆ. ಪುಸ್ತಕ ಬದಿಗಿಟ್ಟು ಚಹಾ ತರಿಸಿಕೊಟ್ಟ, ನಾಟಕದ ಮಾತು ಬಂದಾಗ ತಲೆ ಅಲ್ಲಾಡಿಸಿದ. ಅಧ್ಯಕ್ಷರ ಪಾತ್ರವನ್ನು ಒಬ್ಬ ಕಚೇರಿ ಗುಮಾಸ್ತ ಮಾಡಿದ. ನೀಲಿ ಕೋಟು ಅವನಿಗೆ ದೊಡ್ಡದಾಗಿ ಹೆಗಲಿನಿಂದ ಜಾರುತ್ತಿತ್ತು. ಅವನು ಕಲಮನ್ನು ಒಂದೇ ಸಲ ಓದಿದ. ನಾನು ಕೊರಳಲ್ಲಿ ಹಲಗಿ ಹಾಕಿಕೊಂಡು ಪರದೆಯಿಂದ ಹೊರಗೆ ಬಂದೆ. ಒಂದು ಪೆಟ್ಟೂ ತಪ್ಪಲಿಲ್ಲ. ಮಾಸ್ತರನ ಕೈ ನೋಡಿ ಪಟ್ಟಣದ ಜನ ಬೆರಗಾಗಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೊದಲ ಸಾಲಿನಲ್ಲಿ ನನ್ನ ಅಪ್ಪ ಇರಲಿಲ್ಲ. ಬಾರಿಸುತ್ತಲೇ ಮೂರನೆಯ ಸಾಲಿನ ಕಡೆ ನೋಡಿದೆ. ಅಲ್ಲಿ ಯಾರ ಕೈಯೂ ಮೊಣಕಾಲಿನ ಮೇಲಿರಲಿಲ್ಲ.